ರಾತ್ರಿ ಫೋಟೋಗಳಲ್ಲಿ ಕೆಂಪು, ನೀಲಿ ಚುಕ್ಕಿಗಳು: ಸೆನ್ಸರ್ ಕೆಡುತ್ತಿದೆಯೇ, ಸರಿಪಡಿಸಬಹುದೇ?

ಇರುಳುಬೆಳಕು ಕೇಳಿದ್ದು:

24 ಮೆಗಾಪಿಕ್ಸೆಲ್ ಮಿರರ್‌ಲೆಸ್ ಕ್ಯಾಮೆರಾ, ಕೊಂಡು ನಾಲ್ಕು ವರ್ಷ. ಟ್ರೈಪಾಡ್ ಮೇಲಿಟ್ಟು ಐಎಸ್‌ಒ 3200, 30 ಸೆಕೆಂಡ್‌ನಲ್ಲಿ ಆಕಾಶ ತೆಗೆದರೆ ಫ್ರೇಮ್ ತುಂಬ ಕೆಂಪು, ನೀಲಿ, ಹಸಿರು ಚುಕ್ಕಿಗಳು. ಒಂದಾದ ಮೇಲೊಂದು ಫ್ರೇಮ್ ತಿರುಗಿಸಿ ನೋಡಿದರೆ ಅವು ಅದೇ ಜಾಗದಲ್ಲೇ ಇರುತ್ತವೆ. ಶೇಕಡ 100 ಜೂಮ್‌ನಲ್ಲಿ ಪ್ರತಿಯೊಂದೂ ಪುಟ್ಟ ಕೂಡಿಸುವ ಚಿಹ್ನೆಯ ಹಾಗೆ ಕಾಣುತ್ತದೆ. ಇದಲ್ಲದೆ ಹಗಲಿನ ಫೋಟೋಗಳಲ್ಲಿ ಬಲಗಡೆ ಮೇಲ್ಭಾಗದಲ್ಲಿ ಒಂದು ಕಪ್ಪು ಚುಕ್ಕಿ ಇದೆ, ನೀಲಿ ಆಕಾಶ ಇದ್ದಾಗ ಎದ್ದು ಕಾಣುತ್ತದೆ.

ಇನ್ನೊಂದು ಗೊಂದಲ: ಜೆಪೆಗ್‌ನಲ್ಲಿರುವ ಬಹುಪಾಲು ಚುಕ್ಕಿಗಳು ಅದೇ ಫೋಟೋದ ರಾ ಫೈಲನ್ನು (ಸೆನ್ಸರ್‌ನ ಕಚ್ಚಾ ಮಾಹಿತಿಯ ಫೈಲ್) ಲೈಟ್‌ರೂಮ್ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಕಾಣುವುದಿಲ್ಲ. ಹಾಗಾದರೆ ತೊಂದರೆ ಸೆನ್ಸರ್‌ನಲ್ಲಿದೆಯೋ ಜೆಪೆಗ್‌ನಲ್ಲಿದೆಯೋ? ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ (ಕತ್ತಲ ಫ್ರೇಮ್ ಕಳೆದು ಚುಕ್ಕಿ ತೆಗೆಯುವ ಆಯ್ಕೆ) ಹಾಕಿದರೆ ಸಾಕೇ, ಪಿಕ್ಸೆಲ್ ಮ್ಯಾಪಿಂಗ್ (ಕೆಟ್ಟ ಪಿಕ್ಸೆಲ್‌ಗಳನ್ನು ಕ್ಯಾಮೆರಾ ತಾನೇ ಗುರುತಿಟ್ಟುಕೊಳ್ಳುವುದು) ಮಾಡಬೇಕೇ, ಸರ್ವಿಸ್‌ಗೆ ಕೊಡಬೇಕೇ?

—

ಕತ್ತಲಚೌಕಟ್ಟು ಉತ್ತರಿಸಿದ್ದು:

ಸೆನ್ಸರ್ ಕೆಡುತ್ತಿಲ್ಲ. ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ವಿಷಯ ಕಲೆತಿರುವ ಹಾಗಿದೆ. ಪರೀಕ್ಷೆ ಮಾಡದೆ ಮ್ಯಾಪಿಂಗ್‌ಗೆ ಹೋಗಬೇಡಿ.

ಮೊದಲು ಹೆಸರುಗಳು. ಬೆಳಕು ಬೀಳದಿದ್ದರೂ ಶಾಖದ ದೆಸೆಯಿಂದ ಸಿಲಿಕಾನ್‌ನಲ್ಲಿ ಎಲೆಕ್ಟ್ರಾನ್‌ಗಳು ಒಂದಷ್ಟು ಬಿಡುಗಡೆಯಾಗುತ್ತಲೇ ಇರುತ್ತವೆ. ಇದೇ ಡಾರ್ಕ್ ಕರೆಂಟ್. ಹರಳಿನ ಜೋಡಣೆಯಲ್ಲಿ ಎಲ್ಲೋ ಒಂದು ಪರಮಾಣು ಸ್ಥಾನ ತಪ್ಪಿದ್ದರೆ ಅಥವಾ ತಯಾರಿಕೆಯಲ್ಲಿ ಲೋಹದ ಕಲ್ಮಶ ಸೇರಿದ್ದರೆ ಆ ಪಿಕ್ಸೆಲ್‌ನಲ್ಲಿ ಈ ಸೋರಿಕೆ ಅಕ್ಕಪಕ್ಕದವುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಅದು ಹಾಟ್ ಪಿಕ್ಸೆಲ್. ಎಕ್ಸ್‌ಪೋಶರ್ ಉದ್ದವಾದಷ್ಟೂ, ಸೆನ್ಸರ್ ಬಿಸಿಯಾದಷ್ಟೂ ಅದು ಹೆಚ್ಚು ಬೆಳಗುತ್ತದೆ. ಎಷ್ಟೇ ಚಿಕ್ಕ ಎಕ್ಸ್‌ಪೋಶರ್ ಆದರೂ ತುಂಬಿದ ಮೌಲ್ಯವನ್ನೇ ಕೊಡುವುದು ಸ್ಟಕ್ ಪಿಕ್ಸೆಲ್. ಎಷ್ಟು ಬೆಳಕು ಬಿದ್ದರೂ ಕಪ್ಪಾಗಿಯೇ ಉಳಿಯುವುದು ಡೆಡ್ ಪಿಕ್ಸೆಲ್. ಜನ ಮೂರನ್ನೂ ಡೆಡ್ ಎಂದೇ ಕರೆಯುತ್ತಾರೆ. ಆದರೆ ಮೂರಕ್ಕೂ ಮದ್ದು ಒಂದೇ ಅಲ್ಲ.

ಐಎಸ್‌ಒ ಹೆಚ್ಚಿಸಿದ್ದರಿಂದ ಹಾಟ್ ಪಿಕ್ಸೆಲ್ ಹುಟ್ಟುವುದಿಲ್ಲ. ಮೊದಲೇ ಇದ್ದದ್ದು ದೊಡ್ಡದಾಗಿ ಕಾಣುತ್ತದೆ ಅಷ್ಟೆ. ಹುಟ್ಟಿಸುವುದು ಕಾಲ ಮತ್ತು ಶಾಖ. ಡಾರ್ಕ್ ಕರೆಂಟ್ ಸುಮಾರು 6ರಿಂದ 7 ಡಿಗ್ರಿ ಸೆಲ್ಸಿಯಸ್‌ಗೊಮ್ಮೆ ಇಮ್ಮಡಿಯಾಗುತ್ತದೆ. ಸೆನ್ಸರ್ 20 ಡಿಗ್ರಿ ಹೆಚ್ಚು ಬಿಸಿಯಾದರೆ ಸೋರಿಕೆ ಹತ್ತಿರಹತ್ತಿರ 8 ಪಟ್ಟು. ಚಳಿಯ ರಾತ್ರಿ ಶುಭ್ರವಾಗಿ ಬಂದ ಕ್ಯಾಮೆರಾ ಸೆಕೆಯ ರಾತ್ರಿ ಚುಕ್ಕಿ ಕಾರುವುದು ಇದರಿಂದಲೇ.

ಬಣ್ಣಕ್ಕೆ ಕಾರಣ ಬೇಯರ್ ಫಿಲ್ಟರ್. ಪಿಕ್ಸೆಲ್‌ಗಳಲ್ಲಿ ಅರ್ಧದಷ್ಟು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ ಫಿಲ್ಟರ್‌ನಡಿ ಇರುತ್ತವೆ. ಕೆಂಪು ಫಿಲ್ಟರ್‌ನಡಿಯದು ಸೋರಿದರೆ ಚುಕ್ಕಿ ಕೆಂಪು. ಕೂಡಿಸುವ ಚಿಹ್ನೆಯ ಆಕಾರ ಡೆಮೊಸೈಕ್ ಹಂತದಲ್ಲಿ ಬರುವಂಥದ್ದು: ಕಾಣೆಯಾದ ಬಣ್ಣಗಳನ್ನು ನೆರೆಯ ಪಿಕ್ಸೆಲ್‌ಗಳಿಂದ ತುಂಬುವಾಗ ಒಂದರ ತಪ್ಪು ಸುತ್ತಲಿನವುಗಳಿಗೂ ಹಂಚಿಹೋಗುತ್ತದೆ. ಜೆಪೆಗ್ 8×8ರ ಚೌಕಗಳಲ್ಲಿ ಕುಗ್ಗಿಸುವುದರಿಂದ ಅದು ಇನ್ನೂ ಹರಡುತ್ತದೆ. ಲೈಟ್‌ರೂಮ್‌ನ ಗೊಂದಲಕ್ಕೂ ಉತ್ತರ ಇಲ್ಲೇ ಇದೆ. ರಾ ಓದುವಾಗ ನೆರೆಯವುಗಳಿಗಿಂತ ವಿಪರೀತ ಎದ್ದ ಒಂಟಿ ಪಿಕ್ಸೆಲ್‌ಗಳನ್ನು ಅದು ತಾನಾಗಿಯೇ, ಡೆಮೊಸೈಕ್‌ಗೆ ಮುಂಚೆಯೇ ಅಳಿಸುತ್ತದೆ. ಅದಕ್ಕೆ ಸ್ಲೈಡರ್ ಇಲ್ಲ. ಸೆನ್ಸರ್‌ನಲ್ಲಿ ಚುಕ್ಕಿ ಇದೆ, ನಿಮಗೆ ಕಾಣುತ್ತಿಲ್ಲ. ಆದ್ದರಿಂದ ಪರೀಕ್ಷೆಯ ಫೈಲ್‌ಗಳನ್ನು ಲೈಟ್‌ರೂಮ್‌ನಲ್ಲಿ ನೋಡಬೇಡಿ.

ಪರೀಕ್ಷೆ ಹೀಗೆ. ಕ್ಯಾಮೆರಾ ಕನಿಷ್ಠ 15 ನಿಮಿಷ ಆಫ್ ಆಗಿದ್ದು ತಣ್ಣಗಿರಲಿ. ಲೆನ್ಸ್ ಕ್ಯಾಪ್ ಹಾಕಿ. ಡಿಎಸ್‌ಎಲ್‌ಆರ್ ಆದರೆ ವ್ಯೂಫೈಂಡರನ್ನೂ ಮುಚ್ಚಿ, ಅಲ್ಲಿಂದ ಬೆಳಕು ಒಳಗೆ ಬರುತ್ತದೆ. ಮ್ಯಾನುಯಲ್ ಮೋಡ್, ಮ್ಯಾನುಯಲ್ ಫೋಕಸ್, ರಾ ಜೊತೆ ಜೆಪೆಗ್. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಮತ್ತು ಹೈ ಐಎಸ್‌ಒ ನಾಯ್ಸ್ ರಿಡಕ್ಷನ್ ಎರಡೂ ಆಫ್. ಐಎಸ್‌ಒ 100ರಲ್ಲಿ 1/60, 1 ಸೆಕೆಂಡ್, 30 ಸೆಕೆಂಡ್. ಆಮೇಲೆ ಐಎಸ್‌ಒ 1600ರಲ್ಲಿ ಅದೇ ಮೂರು. ಪ್ರತಿಯೊಂದನ್ನೂ ಎರಡೆರಡು ಸಲ ತೆಗೆಯಿರಿ. ಎರಡರಲ್ಲೂ ಅದೇ ಜಾಗದಲ್ಲಿ ಬಂದದ್ದೇ ಹಾಟ್ ಪಿಕ್ಸೆಲ್. ಒಂದರಲ್ಲಿ ಮಾತ್ರ ಬಂದಿದ್ದರೆ ಅದು ನಾಯ್ಸ್, ಇಲ್ಲವೆ ಕಾಸ್ಮಿಕ್ ಕಿರಣದ ಹೊಡೆತ. ಒಂದು ಫ್ರೇಮಿನಲ್ಲಿ ಹೊತ್ತಿ ಇನ್ನೊಂದರಲ್ಲಿ ಆರುವ ಮಿಣುಕು ಪಿಕ್ಸೆಲ್‌ಗಳೂ ಕೆಲವಿರುತ್ತವೆ. ಅವುಗಳನ್ನು ಮ್ಯಾಪಿಂಗ್‌ನಿಂದ ಹಿಡಿಯುವುದು ಕಷ್ಟ.

ನೋಡುವುದಕ್ಕೆ ರಾ ಫೈಲ್ ತೆರೆಯುವ ರಾಥೆರಪಿ ಸಾಫ್ಟ್‌ವೇರ್ ಬಳಸಿ. ಡೆಮೊಸೈಕ್ ವಿಧಾನ "ನನ್" ಎಂದಿಟ್ಟರೆ ಸೆನ್ಸರ್‌ನ ಕಚ್ಚಾ ಮಾದರಿ ಕಾಣುತ್ತದೆ, ಒಂದೊಂದು ಪಿಕ್ಸೆಲ್ ಬಿಡಿಬಿಡಿಯಾಗಿ. ಅದರ ಹಾಟ್ ಮತ್ತು ಡೆಡ್ ಪಿಕ್ಸೆಲ್ ಫಿಲ್ಟರ್‌ಗಳು ಆಫ್ ಇವೆಯೇ ಎಂದು ಖಚಿತಪಡಿಸಿಕೊಳ್ಳಿ. ಶೇಕಡ 100ಕ್ಕಿಂತ ಕಡಿಮೆ ಜೂಮ್‌ನಲ್ಲಿ ಎಣಿಸಬೇಡಿ, ಚಿತ್ರ ಕುಗ್ಗಿಸುವಾಗ ಒಂಟಿ ಪಿಕ್ಸೆಲ್‌ಗಳು ಮಾಯವಾಗುತ್ತವೆ. ಚಿತ್ರವನ್ನು ಅತ್ತಿತ್ತ ಸರಿಸಿದಾಗ ಚುಕ್ಕಿಯೂ ಜೊತೆಗೆ ಸರಿಯಬೇಕು. ನಿಂತಲ್ಲೇ ನಿಂತರೆ ಅದು ನಿಮ್ಮ ಮಾನಿಟರ್‌ನದು.

ಹಗಲಿನ ಕಪ್ಪು ಚುಕ್ಕಿ ಬಹುಶಃ ಪಿಕ್ಸೆಲ್ ಅಲ್ಲ, ಧೂಳು. ಸಮನಾಗಿ ಬೆಳಗಿದ ಬಿಳಿ ಹಾಳೆಯನ್ನು ಫೋಕಸ್ ತಪ್ಪಿಸಿ ಎಫ್/4ರಲ್ಲಿ ಒಂದು, ಎಫ್/16ರಲ್ಲಿ ಒಂದು ತೆಗೆಯಿರಿ. ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಮೂರರಲ್ಲಿ ಎರಡು ಭಾಗದ ಹತ್ತಿರ ಇರಲಿ, ಬಲ ಅಂಚಿಗೆ ಬಡಿಯಬಾರದು. ಎಫ್/16ರಲ್ಲಿ ದುಂಡಗೆ ಕಂಡು ಎಫ್/4ರಲ್ಲಿ ಮಸುಕಾದರೆ ಧೂಳು. ಎರಡರಲ್ಲೂ ಅಷ್ಟೇ ಚೂಪಾಗಿ, ಅಷ್ಟೇ ಚಿಕ್ಕದಾಗಿ ನಿಂತರೆ ಮಾತ್ರ ಡೆಡ್ ಪಿಕ್ಸೆಲ್.

—

ಗುಂಡಿ_ಮೆನು ಉತ್ತರಿಸಿದ್ದು:

ಮ್ಯಾಪಿಂಗ್ ಬಗ್ಗೆ ನಾನು ಹೇಳುತ್ತೇನೆ.

ಮ್ಯಾಪಿಂಗ್ ಯಾವ ಪಿಕ್ಸೆಲನ್ನೂ ರಿಪೇರಿ ಮಾಡುವುದಿಲ್ಲ. ಕ್ಯಾಮೆರಾ ಒಳಗೊಳಗೇ ಕತ್ತಲ ಫ್ರೇಮ್ ತೆಗೆದು, ಮಿತಿ ಮೀರಿದ ಪಿಕ್ಸೆಲ್‌ಗಳ ವಿಳಾಸವನ್ನು ತನ್ನ ಮೆಮೊರಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅಲ್ಲಿಂದ ಮುಂದೆ ಆ ವಿಳಾಸದ ಮೌಲ್ಯವನ್ನು ಬಿಸಾಡಿ, ಅದೇ ಬಣ್ಣದ ನೆರೆಯವುಗಳ ಮೌಲ್ಯದಿಂದ ಲೆಕ್ಕ ಹಾಕಿ ತುಂಬುತ್ತದೆ. ಈ ಕೆಲಸ ರಾ ಬರೆಯುವ ಮುಂಚೆಯೇ ನಡೆಯುವುದರಿಂದ ರಾ, ಜೆಪೆಗ್ ಎರಡೂ ಸರಿಯಾಗುತ್ತವೆ. ಕಾರ್ಖಾನೆಯಿಂದ ಹೊರಬೀಳುವ ಹೊಸ ಕ್ಯಾಮೆರಾದಲ್ಲೂ ಇಂಥ ಪಟ್ಟಿ ಇರುತ್ತದೆ. 24 ಮೆಗಾಪಿಕ್ಸೆಲ್ ಎಂದರೆ 6000×4000, ಅಂದರೆ 2 ಕೋಟಿ 40 ಲಕ್ಷ. ಅದರಲ್ಲಿ 240 ಪಿಕ್ಸೆಲ್ ಮ್ಯಾಪ್ ಆದರೂ ಲಕ್ಷಕ್ಕೆ ಒಂದು. ಚಿತ್ರದ ಗುಣಮಟ್ಟದಲ್ಲಿ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಒಲಿಂಪಸ್ ಮತ್ತು ಓಎಂ ಸಿಸ್ಟಂ, ಪೆಂಟಾಕ್ಸ್ ಕ್ಯಾಮೆರಾಗಳಲ್ಲಿ ಮೆನುವಿನಲ್ಲೇ "ಪಿಕ್ಸೆಲ್ ಮ್ಯಾಪಿಂಗ್" ಇದೆ. ಪ್ಯಾನಾಸೋನಿಕ್ ಲುಮಿಕ್ಸ್‌ನಲ್ಲಿ ಅದರ ಹೆಸರು "ಪಿಕ್ಸೆಲ್ ರಿಫ್ರೆಶ್". ಫ್ಯೂಜಿಫಿಲ್ಮ್‌ನ ಈಚಿನ ಮಾದರಿಗಳಲ್ಲೂ, ನಿಕಾನ್ ಝಡ್ 8 ಮತ್ತು ಝಡ್ 9ರಲ್ಲೂ ಇದೆ. ನಿಕಾನ್‌ನ ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಬಳಕೆದಾರರಿಗೆ ಅದು ತೆರೆದಿಲ್ಲ, ಸರ್ವಿಸ್‌ನಲ್ಲೇ ಮಾಡಿಸಬೇಕು. ಸೋನಿಯ ಹೊಸ ಮಾದರಿಗಳಲ್ಲಿ ಮೆನು ಇದೆ. ಹಳೆಯವು ತಮ್ಮಷ್ಟಕ್ಕೇ ಆಗಾಗ ಮಾಡಿಕೊಳ್ಳುತ್ತವೆ. ಅಂಥವುಗಳಲ್ಲಿ ದಿನಾಂಕವನ್ನು ಒಂದು ತಿಂಗಳಿಗಿಂತ ತುಸು ಹೆಚ್ಚು ಮುಂದಿಟ್ಟು ಆಫ್ ಮಾಡಿದರೆ ಮ್ಯಾಪಿಂಗ್ ಶುರುವಾಗುವುದು ಬಳಕೆದಾರರು ಕಂಡುಕೊಂಡ ದಾರಿ. ಆಮೇಲೆ ದಿನಾಂಕ ಸರಿಪಡಿಸಲು ಮರೆಯಬೇಡಿ, ಇಲ್ಲದಿದ್ದರೆ ಫೈಲ್‌ಗಳೆಲ್ಲ ಮುಂದಿನ ತಿಂಗಳ ತಾರೀಖು ಹೊತ್ತು ಬರುತ್ತವೆ.

ಕ್ಯಾನನ್‌ನಲ್ಲಿ ಈ ಹೆಸರಿನ ಆಯ್ಕೆ ಇಲ್ಲದ ಮಾದರಿಗಳು ಬಹಳ. ಅವುಗಳಲ್ಲಿ ಸೆನ್ಸರ್ ಕ್ಲೀನಿಂಗ್ ಮೆನುವಿನ "ಕ್ಲೀನ್ ಮ್ಯಾನುಯಲಿ" ಬಳಸುತ್ತಾರೆ. ಲೆನ್ಸ್ ತೆಗೆದು ಬಾಡಿ ಕ್ಯಾಪ್ ಹಾಕಿ, ಪೂರ್ತಿ ಚಾರ್ಜ್ ಆದ ಬ್ಯಾಟರಿಯಿಂದ ಈ ಮೋಡ್‌ಗೆ ಹೋಗಿ, ಏನನ್ನೂ ಮುಟ್ಟದೆ 30ರಿಂದ 60 ಸೆಕೆಂಡ್ ಬಿಟ್ಟು ಆಫ್ ಮಾಡಿ. ಎರಡು ಮೂರು ಸಲ ಮಾಡಿದ ಮೇಲೆ ಚುಕ್ಕಿ ಹೋಗುವುದುಂಟು. ಕೈಪಿಡಿಯಲ್ಲಿ ಮ್ಯಾಪಿಂಗ್ ಎಂದು ಬರೆದಿರದ ಕಾರಣ ಎಲ್ಲ ಮಾದರಿಯಲ್ಲೂ ಆಗುತ್ತದೆ ಎಂದು ನಂಬಿ ಕೂರಬೇಡಿ. ನಡುವೆ ಬ್ಯಾಟರಿ ಮುಗಿದರೆ ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿ ತಟ್ಟನೆ ಕೆಳಗೆ ಬೀಳುತ್ತದೆ. ಪೂರ್ತಿ ಚಾರ್ಜ್ ಇರಲಿ ಎಂದದ್ದು ಅದಕ್ಕೇ.

ಯಾವ ಕಂಪನಿಯದಾದರೂ ಕ್ಯಾಮೆರಾ ತಣ್ಣಗಿರುವಾಗ ಮಾಡಿ. ಚಿತ್ರೀಕರಣ ಮುಗಿಸಿ ಕನಿಷ್ಠ ಒಂದು ನಿಮಿಷ ಬಿಟ್ಟು ಮ್ಯಾಪಿಂಗ್ ಮಾಡಿ ಎಂದು ಒಲಿಂಪಸ್ ಕೈಪಿಡಿ ಹೇಳುತ್ತದೆ. ಲೈವ್ ವ್ಯೂ (ಸ್ಕ್ರೀನಿನಲ್ಲಿ ನೇರ ದೃಶ್ಯ) ಬಹಳ ಹೊತ್ತು ನಡೆದಿದ್ದರೆ ಒಂದು ನಿಮಿಷ ಸಾಲದು. ಬಿಸಿ ಸೆನ್ಸರ್ ಮೇಲೆ ಮಾಡಿದರೆ ಹೆಚ್ಚು ಪಿಕ್ಸೆಲ್ ಸಿಗುತ್ತವೆ ಎಂದು ಬೇಕೆಂದೇ ಕಾಯಿಸಿ ಮಾಡುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮಾಮೂಲಿ ಫೋಟೋದಲ್ಲಿ ಸರಿಯಾಗಿಯೇ ಕೆಲಸ ಮಾಡುವ ಪಿಕ್ಸೆಲ್‌ಗಳೂ ಪಟ್ಟಿಗೆ ಸೇರುತ್ತವೆ, ಸೇರಿದ ಮೇಲೆ ಅಳಿಸುವ ಆಯ್ಕೆ ಮೆನುವಿನಲ್ಲಿ ಸಿಗುವುದಿಲ್ಲ.

ಒಂದು ಮಾತು ಮೊದಲೇ ತಿಳಿದಿರಲಿ: ಮ್ಯಾಪಿಂಗ್ ಹಿಡಿಯುವುದು ಚಿಕ್ಕ ಎಕ್ಸ್‌ಪೋಶರ್‌ನಲ್ಲೇ ಬೆಳಗುವ ಸ್ಟಕ್ ಮತ್ತು ತೀವ್ರ ಹಾಟ್ ಪಿಕ್ಸೆಲ್‌ಗಳನ್ನು. 30 ಸೆಕೆಂಡ್ ಕಳೆದ ಮೇಲೆ ನಿಧಾನವಾಗಿ ಮೇಲೇಳುವ ಬೆಚ್ಚಗಿನ ಪಿಕ್ಸೆಲ್‌ಗಳು ಅದರ ಕಣ್ಣಿಗೆ ಬೀಳುವುದಿಲ್ಲ.

—

ತಾರೆಜಾಡು ಉತ್ತರಿಸಿದ್ದು:

ಮೇಲಿನ ಕೊನೆಯ ಮಾತಿನಿಂದಲೇ ಮುಂದುವರಿಸುತ್ತೇನೆ, ಪ್ರಶ್ನೆ ಕೇಳಿದವರ ನಿಜವಾದ ತೊಂದರೆ ಇರುವುದು ಅಲ್ಲೇ.

ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಎಂದರೆ ಫೋಟೋ ತೆಗೆದ ಕೂಡಲೇ ಶಟರ್ ಮುಚ್ಚಿ ಅಷ್ಟೇ ಹೊತ್ತಿನ ಇನ್ನೊಂದು ಕತ್ತಲ ಫ್ರೇಮ್ ತೆಗೆದು, ಮೊದಲನೆಯದರಿಂದ ಕಳೆಯುವುದು. ಸೆನ್ಸರ್ ಉಷ್ಣತೆ ಎರಡಕ್ಕೂ ಒಂದೇ ಆದ್ದರಿಂದ ಹಾಟ್ ಪಿಕ್ಸೆಲ್ ಚೆನ್ನಾಗಿ ಹೋಗುತ್ತದೆ. ಒಂದೋ ಎರಡೋ ಫೋಟೋ ಬೇಕಿದ್ದರೆ ಇದಕ್ಕಿಂತ ಸುಲಭದ ದಾರಿ ಇಲ್ಲ, ಆನ್ ಮಾಡಿ ಮುಗಿಸಿ.

ಸಾಲು ಸಾಲು ಫ್ರೇಮ್ ಬೇಕಿದ್ದರೆ ಮಾತ್ರ ಇದು ದುಬಾರಿ. 30 ಸೆಕೆಂಡ್‌ನ ಫೋಟೋಗೆ 60 ಸೆಕೆಂಡ್ ಬೇಕು, ಎರಡು ಗಂಟೆಯ ಕತ್ತಲಲ್ಲಿ ಒಂದು ಗಂಟೆಯ ಬೆಳಕು ಮಾತ್ರ ಸಿಗುತ್ತದೆ. ಸ್ಟಾರ್ ಟ್ರೇಲ್‌ಗೆ (ನಕ್ಷತ್ರಗಳ ಜಾಡು ಗೆರೆಯಾಗಿ ಮೂಡುವ ಚಿತ್ರ) ಇದು ಬೇಡವೇ ಬೇಡ: ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ತಿರುಗುತ್ತದೆ, 30 ಸೆಕೆಂಡ್ ಬಿಡುವಿನಲ್ಲಿ 7.5 ಆರ್ಕ್‌ಮಿನಿಟ್ ಮುಂದೆ ಹೋಗಿರುತ್ತದೆ, ಗೆರೆಗಳು ತುಂಡುತುಂಡಾಗುತ್ತವೆ. ಇನ್ನೊಂದು ನಷ್ಟ ಲೆಕ್ಕದ್ದು. ಒಂದೇ ಕತ್ತಲ ಫ್ರೇಮ್ ಕಳೆದಾಗ ಹಾಟ್ ಪಿಕ್ಸೆಲ್ ಹೋದರೂ ಆ ಫ್ರೇಮಿನ ಯಾದೃಚ್ಛಿಕ ನಾಯ್ಸ್ ಬಂದು ಸೇರುತ್ತದೆ. ಕತ್ತಲ ಭಾಗಗಳಲ್ಲಿ ನಾಯ್ಸ್ ಸುಮಾರು 1.4 ಪಟ್ಟಾಗುತ್ತದೆ. ಅದೇ 20 ಕತ್ತಲ ಫ್ರೇಮ್‌ಗಳ ಸರಾಸರಿ ಕಳೆದರೆ ಹೆಚ್ಚುವುದು ಶೇಕಡ 2.5 ಮಾತ್ರ.

ಆದ್ದರಿಂದ ನೀವೇ ಡಾರ್ಕ್, ಅಂದರೆ ಕತ್ತಲ ಫ್ರೇಮ್, ತೆಗೆದುಕೊಳ್ಳಿ. ಆಕಾಶದ ಫ್ರೇಮ್‌ಗಳು ಮುಗಿದ ತಕ್ಷಣ, ಕ್ಯಾಮೆರಾ ಆಫ್ ಮಾಡದೆ, ಲೆನ್ಸ್ ಕ್ಯಾಪ್ ಹಾಕಿ ಅದೇ ಐಎಸ್‌ಒ, ಅದೇ ಅವಧಿ, ಅದೇ ಮಧ್ಯಂತರದಲ್ಲಿ 20 ಫ್ರೇಮ್. ರಾ ಮಾತ್ರ. ಜೆಪೆಗ್ ಡಾರ್ಕ್ ಕೆಲಸಕ್ಕೆ ಬಾರದು, ಅದಕ್ಕೆ ಟೋನ್ ಕರ್ವ್ ಬಿದ್ದಿರುವುದರಿಂದ ಕಳೆದ ಮೌಲ್ಯ ತಾಳೆಯಾಗುವುದಿಲ್ಲ. ಮನೆಗೆ ಬಂದು ಮರುದಿನ ಹಗಲು ತೆಗೆದ ಡಾರ್ಕ್ ಕೂಡ ಸರಿಹೊಂದದು. ಸೆನ್ಸರ್ ಆಗ 6 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಕಳೆಯುವ ಮೊತ್ತ ಎರಡರಷ್ಟಾಗಿ ಹಾಟ್ ಪಿಕ್ಸೆಲ್ ಇದ್ದ ಕಡೆ ಕಪ್ಪು ಗುಂಡಿ ಬೀಳುತ್ತದೆ. ಕ್ಯಾಮೆರಾದ ನಾಯ್ಸ್ ರಿಡಕ್ಷನ್ ಆಫ್ ಇದೆಯೇ ಎಂದು ಮತ್ತೊಮ್ಮೆ ನೋಡಿಕೊಳ್ಳಿ. ಆನ್ ಇದ್ದರೆ ಡಾರ್ಕ್‌ನಿಂದ ಡಾರ್ಕ್ ಕಳೆದು ಏನೂ ಉಳಿಯುವುದಿಲ್ಲ.

ಆಕಾಶದ ಫ್ರೇಮ್‌ಗಳನ್ನು ಜೋಡಿಸುವ ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್ ಸಾಫ್ಟ್‌ವೇರ್‌ನಲ್ಲಿ ಈ 20ನ್ನು ಕೂಡಿಸಿ ಮಾಸ್ಟರ್ ಡಾರ್ಕ್ (ಅವುಗಳ ಸರಾಸರಿ) ಮಾಡಿ. ಒಂದು ಎಚ್ಚರಿಕೆ: ತುಂಬಿ ತುಳುಕಿದ ಪಿಕ್ಸೆಲನ್ನು ಯಾವ ಡಾರ್ಕ್ ಕೂಡ ಸರಿಮಾಡಲಾರದು. 14 ಬಿಟ್‌ನಲ್ಲಿ ಗರಿಷ್ಠ 16383. ಆಕಾಶದ ಫ್ರೇಮಿನಲ್ಲೂ ಡಾರ್ಕ್‌ನಲ್ಲೂ ಅದೇ ಗರಿಷ್ಠ ಇದ್ದರೆ ಕಳೆದಾಗ ಸೊನ್ನೆ, ಅಲ್ಲಿದ್ದ ನಕ್ಷತ್ರದ ಮಾಹಿತಿ ಯಾವತ್ತೂ ದಾಖಲಾಗಿಯೇ ಇಲ್ಲ. ಅಂಥವಕ್ಕೆ ಕಾಸ್ಮೆಟಿಕ್ ಕರೆಕ್ಷನ್ ಎಂಬ ಹಂತ ಎರಡೂ ಸಾಫ್ಟ್‌ವೇರ್‌ಗಳಲ್ಲಿದೆ. ಅದು ಕಳೆಯುವುದಿಲ್ಲ, ನೆರೆಯವುಗಳಿಂದ ತುಂಬುತ್ತದೆ.

ಟ್ರ್ಯಾಕರ್ (ಆಕಾಶದ ತಿರುಗುವಿಕೆಗೆ ತಕ್ಕಂತೆ ಕ್ಯಾಮೆರಾ ತಿರುಗಿಸುವ ಸಾಧನ) ಇದ್ದರೆ ಡಿದರಿಂಗ್ ಇದೆಲ್ಲಕ್ಕಿಂತ ಬಲವಾದದ್ದು. ಒಂದೆರಡು ಫ್ರೇಮ್‌ಗೊಮ್ಮೆ ದಿಕ್ಕು ಬದಲಿಸುತ್ತ 5ರಿಂದ 15 ಪಿಕ್ಸೆಲ್‌ನಷ್ಟು ಚೌಕಟ್ಟನ್ನು ಸರಿಸಿ. ನಕ್ಷತ್ರಗಳನ್ನು ತಾಳೆ ಹಾಕಿ ಜೋಡಿಸಿದಾಗ ಹಾಟ್ ಪಿಕ್ಸೆಲ್ ಪ್ರತಿ ಫ್ರೇಮಿನಲ್ಲೂ ಬೇರೆ ಜಾಗಕ್ಕೆ ಬಿದ್ದು, ಸಿಗ್ಮಾ ಕ್ಲಿಪ್ಪಿಂಗ್ (ಸರಾಸರಿಯಿಂದ ಬಹಳ ದೂರದ ಮೌಲ್ಯ ಬಿಡುವ ಲೆಕ್ಕ) ಅದನ್ನು ಹೊರಗಿನವನೆಂದು ಗುರುತಿಸಿ ತಳ್ಳುತ್ತದೆ. ಸರಿಸುವುದು ಯಾವಾಗಲೂ ಒಂದೇ ದಿಕ್ಕಿಗೆ ಆದರೆ ಕೆಲಸ ಕೆಡುತ್ತದೆ: ಬಣ್ಣದ ಸಣ್ಣ ಗೀರುಗಳು ಒಂದೇ ಕಡೆಗೆ ಬಾಗಿ, ಮಳೆ ಸುರಿದ ಹಾಗೆ ಕಾಣುತ್ತವೆ. ಟ್ರ್ಯಾಕರ್ ಇಲ್ಲದ ಟ್ರೈಪಾಡ್‌ನಲ್ಲೂ ಆಕಾಶ ಒಂದೇ ದಿಕ್ಕಿಗೆ ಜಾರುವುದರಿಂದ ಇದೇ ಗೀರು ಬರುತ್ತದೆ, ಅದಕ್ಕೆ ನಡುನಡುವೆ ಚೌಕಟ್ಟನ್ನು ಕೈಯಿಂದ ತುಸು ಬದಲಿಸಿ.

ಶಾಖ ಕಡಿಮೆ ಮಾಡಲು ಸ್ಕ್ರೀನನ್ನು ಬಾಡಿಯಿಂದ ದೂರಕ್ಕೆ ತಿರುಗಿಸಿಡಿ, ಲೈವ್ ವ್ಯೂ ಬೇಕಿಲ್ಲದಾಗ ಆರಿಸಿ, ಸ್ಟೆಬಿಲೈಸೇಶನ್ ಆಫ್ ಮಾಡಿ, ಫ್ರೇಮ್‌ಗಳ ನಡುವೆ 5ರಿಂದ 10 ಸೆಕೆಂಡ್ ಬಿಡಿ. ಸ್ಟಾರ್ ಟ್ರೇಲ್‌ಗೆ ಈ ಬಿಡುವು ಬೇಡ.

—

ಇರುಳುಬೆಳಕು:

ಪರೀಕ್ಷೆ ಮಾಡಿದೆ. ಐಎಸ್‌ಒ 100ರಲ್ಲಿ 1/60ಕ್ಕೆ 2 ಚುಕ್ಕಿ, 1 ಸೆಕೆಂಡ್‌ಗೆ 9, 30 ಸೆಕೆಂಡ್‌ಗೆ ಎಣಿಸಲಾರದಷ್ಟು, ನೂರಾರು. ಕಪ್ಪು ಚುಕ್ಕಿ ಎಫ್/16ರಲ್ಲಿ ದುಂಡಗಿದೆ, ಎಫ್/4ರಲ್ಲಿ ಇಲ್ಲವೇ ಇಲ್ಲ. ಮ್ಯಾಪಿಂಗ್ ಮಾಡಿದ ಮೇಲೆ 1/60ರ ಎರಡೂ ಹೋದವು, 1 ಸೆಕೆಂಡ್‌ನಲ್ಲಿ 1 ಉಳಿದಿದೆ, 30 ಸೆಕೆಂಡ್‌ನಲ್ಲಿ ಹೇಳುವಂಥ ಬದಲಾವಣೆ ಇಲ್ಲ. ಡಾರ್ಕ್ ತೆಗೆಯದ ಹಳೆಯ ಟೈಮ್‌ಲ್ಯಾಪ್ಸ್ ಫೈಲ್‌ಗಳಿವೆ, ಎಲ್ಲ ರಾ. ಅವುಗಳಿಗೆ ದಾರಿ ಇದೆಯೇ? ವಿಡಿಯೋದಲ್ಲೂ ಒಂದು ಬಿಳಿ ಚುಕ್ಕಿ ಇದೆ.

—

ಕಚ್ಚಾಕಡತ ಉತ್ತರಿಸಿದ್ದು:

ನಿಮ್ಮ ಅಂಕಿಗಳು ಆರೋಗ್ಯವಂತ ಸೆನ್ಸರ್‌ನವು. 30 ಸೆಕೆಂಡ್‌ನಲ್ಲಿ ನೂರಾರು ಬರುವುದು ಸಹಜ. ಧೂಳಿಗೆ ಮೊದಲು ರಬ್ಬರ್ ಬ್ಲೋವರ್, ಕ್ಯಾಮೆರಾ ಬಾಯಿ ಕೆಳಗಿರಲಿ. ಡಬ್ಬಿಯಲ್ಲಿ ಬರುವ ಒತ್ತಡದ ಗಾಳಿ ಬಳಸಬೇಡಿ, ಅದರ ದ್ರವ ಗಾಜಿನ ಮೇಲೆ ಚಿಮ್ಮುತ್ತದೆ.

ಹಳೆಯ ರಾ ಫೈಲ್‌ಗಳಿಗೆ ದಾರಿ ಖಂಡಿತ ಇದೆ. ಡಾರ್ಕ್‌ಟೇಬಲ್ ಸಾಫ್ಟ್‌ವೇರ್‌ನಲ್ಲಿ "ಹಾಟ್ ಪಿಕ್ಸೆಲ್ಸ್" ಮಾಡ್ಯೂಲ್ ಆನ್ ಮಾಡಿ, ಸರಿಪಡಿಸಿದ ಪಿಕ್ಸೆಲ್‌ಗಳನ್ನು ಗುರುತಿಸಿ ತೋರಿಸುವ ಆಯ್ಕೆಯನ್ನೂ ಹಾಕಿ. ಥ್ರೆಶೋಲ್ಡ್ ಇಳಿಸುತ್ತ ಹೋದಂತೆ ಗುರುತುಗಳು ಹೆಚ್ಚುತ್ತವೆ. ನಕ್ಷತ್ರಗಳ ಮೇಲೆ ಗುರುತು ಬೀಳತೊಡಗಿದ ಕ್ಷಣ ನಿಲ್ಲಿಸಿ ಒಂದು ಹೆಜ್ಜೆ ಹಿಂದೆ ಬನ್ನಿ. ಚಿಕ್ಕ ನಕ್ಷತ್ರ ಮತ್ತು ಹಾಟ್ ಪಿಕ್ಸೆಲ್‌ಗೆ ಇಂಥ ಫಿಲ್ಟರ್‌ನ ದೃಷ್ಟಿಯಲ್ಲಿ ಭೇದ ಕಡಿಮೆ, ಚೂಪಾದ ಲೆನ್ಸ್‌ನಲ್ಲಂತೂ ಇನ್ನೂ ಕಡಿಮೆ. ಡಾರ್ಕ್‌ಟೇಬಲ್‌ನಲ್ಲಿ ಒಂದು ಫ್ರೇಮ್‌ನ ಸೆಟ್ಟಿಂಗ್ ಉಳಿದವಕ್ಕೆಲ್ಲ ಅಂಟಿಸಬಹುದು. ಕ್ಯಾಪ್ಚರ್ ಒನ್‌ನಲ್ಲಿ ಇದೇ ಕೆಲಸಕ್ಕೆ "ಸಿಂಗಲ್ ಪಿಕ್ಸೆಲ್" ಸ್ಲೈಡರ್ ಇದೆ.

ನಕ್ಷತ್ರ ಕಳೆದುಕೊಳ್ಳಲು ಇಷ್ಟವಿಲ್ಲದಿದ್ದರೆ ವಿಳಾಸದ ಪಟ್ಟಿಯೇ ಸರಿ. ಊಹೆಯ ಮಾತೇ ಇಲ್ಲ, ಹೇಳಿದ ಪಿಕ್ಸೆಲ್ ಮಾತ್ರ ಬದಲಾಗುತ್ತದೆ. ರಾಥೆರಪಿಯಲ್ಲಿ ಕ್ಯಾಮೆರಾದ ತಯಾರಕ ಮತ್ತು ಮಾದರಿಯ ಹೆಸರಿನ ಕೊನೆಗೆ ಬ್ಯಾಡ್‌ಪಿಕ್ಸೆಲ್ಸ್ ಎಂಬ ಎಕ್ಸ್‌ಟೆನ್ಶನ್ ಇರುವ ಸಾದಾ ಟೆಕ್ಸ್ಟ್ ಫೈಲ್ ಮಾಡಿ, ಒಂದೊಂದು ಸಾಲಿನಲ್ಲಿ ಒಂದೊಂದು ಪಿಕ್ಸೆಲ್‌ನ ಅಡ್ಡ ಸಂಖ್ಯೆ (ಎಡದಿಂದ ಎಷ್ಟನೆಯದು), ಒಂದು ಖಾಲಿ ಜಾಗ, ಉದ್ದ ಸಂಖ್ಯೆ (ಮೇಲಿನಿಂದ ಎಷ್ಟನೆಯದು) ಬರೆಯಿರಿ. ಆದ್ಯತೆಗಳಲ್ಲಿ ಡಾರ್ಕ್ ಫ್ರೇಮ್‌ಗಳಿಗೆಂದು ತೋರಿಸಿದ ಫೋಲ್ಡರ್‌ನಲ್ಲೇ ಅದನ್ನಿಡಬೇಕು. ಇಲ್ಲಿ ಎಡವುವುದು ಎರಡು ಕಡೆ. ಕ್ಯಾಮೆರಾವನ್ನು ಲಂಬವಾಗಿ ಹಿಡಿದು ತೆಗೆದ ಫೋಟೋದಲ್ಲಿ ಚಿತ್ರ ತಿರುಗಿರುತ್ತದೆ, ಸಂಖ್ಯೆಗಳು ಮಾತ್ರ ತಿರುಗಿಸದ ಸೆನ್ಸರ್‌ನವೇ ಆಗಿರಬೇಕು. ಸಾಫ್ಟ್‌ವೇರ್‌ಗಳು ಅಂಚಿನ ಕೆಲವು ಪಿಕ್ಸೆಲ್‌ಗಳನ್ನು ಕತ್ತರಿಸಿ ತೋರಿಸುವುದರಿಂದ ಕಂಡ ಸಂಖ್ಯೆಗೂ ನಿಜವಾದದ್ದಕ್ಕೂ ಕೆಲವು ಅಂಕಿಗಳ ಅಂತರ ಬರುತ್ತದೆ. ಆದ್ದರಿಂದ ನೂರು ಸಾಲು ಬರೆಯುವ ಮೊದಲು ಒಂದನ್ನೇ ಬರೆದು, ಆ ಚುಕ್ಕಿ ಹೋಯಿತೇ ನೋಡಿ, ಅಂತರ ಎಷ್ಟೆಂದು ಗೊತ್ತು ಮಾಡಿಕೊಳ್ಳಿ. ಲೆನ್ಸ್ ಕ್ಯಾಪ್ ಹಾಕಿ ಈಗ ತೆಗೆದ 30 ಸೆಕೆಂಡ್ ಫ್ರೇಮಿನಿಂದ ವಿಳಾಸ ಸಿಗುತ್ತದೆ. ಉಷ್ಣತೆ ಬೇರೆಯಾದರೂ ವಿಳಾಸ ಬದಲಾಗುವುದಿಲ್ಲ. ಆದರೆ ಈಗ ಮ್ಯಾಪ್ ಆಗಿಹೋದವು ಈ ಫ್ರೇಮಿನಲ್ಲಿ ಬರುವುದಿಲ್ಲ, ಅವುಗಳ ವಿಳಾಸವನ್ನು ಮ್ಯಾಪಿಂಗ್‌ಗೆ ಮುಂಚಿನ ನಿಮ್ಮ ಪರೀಕ್ಷಾ ಫೈಲ್‌ಗಳಿಂದ ತೆಗೆದುಕೊಳ್ಳಿ. ಆ ಫೈಲ್‌ಗಳನ್ನು ಅಳಿಸಬೇಡಿ.

ವಿಡಿಯೋದ ಬಿಳಿ ಚುಕ್ಕಿ ಮ್ಯಾಪಿಂಗ್ ಆದ ಮೇಲೂ ಇದೆಯೇ ಮೊದಲು ನೋಡಿ. ವಿಡಿಯೋದಲ್ಲಿ ಒಂದೊಂದು ಫ್ರೇಮಿನ ಎಕ್ಸ್‌ಪೋಶರ್ ಚಿಕ್ಕದಾದರೂ ಸೆನ್ಸರ್ ನಿಲ್ಲದೆ ಓಡುತ್ತ ಬಿಸಿಯಾಗುತ್ತದೆ, ಹಾಗಾಗಿ ಅರ್ಧ ಗಂಟೆ ಆದಮೇಲೆ ಹೊಸ ಚುಕ್ಕಿ ಕಾಣಿಸಿಕೊಳ್ಳಬಹುದು. ಈಗಾಗಲೇ ಮುಗಿದ ಕ್ಲಿಪ್‌ಗೆ ವಿಡಿಯೋ ಸಂಕಲನದ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್ ಸ್ಟುಡಿಯೋದ "ಡೆಡ್ ಪಿಕ್ಸೆಲ್ ಫಿಕ್ಸರ್" ಸಾಕು. ಚುಕ್ಕಿಯ ಮೇಲೆ ಗುರುತಿಟ್ಟರೆ ಇಡೀ ಕ್ಲಿಪ್‌ಗೆ ಅನ್ವಯಿಸುತ್ತದೆ. ಚೌಕಟ್ಟು ದೊಡ್ಡದು ಮಾಡುವ, ತಿರುಗಿಸುವ ಮುಂಚೆಯೇ ಇದನ್ನು ಹಾಕಿ.

—

ಕತ್ತಲಚೌಕಟ್ಟು:

ಸರ್ವಿಸ್ ಬಗ್ಗೆ ಕೇಳಿದ್ದು ಹಾಗೇ ಉಳಿದಿದೆ. ಅಡ್ಡಸಾಲು ಅಥವಾ ಉದ್ದಸಾಲು ಪೂರ್ತಿ ಸತ್ತಿದ್ದರೆ, ಒತ್ತೊತ್ತಾಗಿ ಗುಂಪುಗುಂಪು ಪಿಕ್ಸೆಲ್‌ಗಳು ಸತ್ತಿದ್ದರೆ, ಲೇಸರ್ ಬೆಳಕು ಬಿದ್ದು ಬಣ್ಣದ ಗೆರೆ ಮೂಡಿದ್ದರೆ, ಇಲ್ಲವೆ 1/60ರಲ್ಲೇ ಬೆಳಗುವ ಚುಕ್ಕಿ ನಿಮ್ಮ ಮೆನುವಿನ ಮ್ಯಾಪಿಂಗ್‌ಗೆ ಬಗ್ಗದಿದ್ದರೆ ಕೊಡಿ. ಕೊನೆಯದಕ್ಕೆ ಅವರು ತಮ್ಮ ಸಾಫ್ಟ್‌ವೇರ್‌ನಿಂದ ಮ್ಯಾಪ್ ಮಾಡಿದರೆ ಸಾಕು, ಸೆನ್ಸರ್ ಬದಲಿಸುವ ಅಗತ್ಯವಿಲ್ಲ. ಮ್ಯಾಪಿಂಗ್‌ಗೆ ಮುಂಚಿನ ಕತ್ತಲ ಫ್ರೇಮ್‌ಗಳ ರಾ ಫೈಲನ್ನೂ ಜೊತೆಗೆ ಕೊಡಿ.

ಹೊಸ ಹಾಟ್ ಪಿಕ್ಸೆಲ್‌ಗಳು ವರ್ಷ ಕಳೆದಂತೆ ಸೇರುತ್ತಲೇ ಇರುತ್ತವೆ, ಕ್ಯಾಮೆರಾ ಬಳಸದೆ ಇಟ್ಟರೂ. ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ಕಣಗಳು ಸಿಲಿಕಾನ್‌ನ ಪರಮಾಣುಗಳನ್ನು ಸ್ಥಾನದಿಂದ ಕದಲಿಸುತ್ತವೆ. ವಿಮಾನ ಹಾರುವ ಎತ್ತರದಲ್ಲಿ ಆ ಕಣಗಳು ನೆಲಕ್ಕಿಂತ ಬಹಳ ಹೆಚ್ಚು. ಬಾಹ್ಯಾಕಾಶದಲ್ಲಿರುವ ಹಬಲ್ ದೂರದರ್ಶಕದ ಸಿಸಿಡಿಗಳಿಗೆ (ಒಂದು ಬಗೆಯ ಸೆನ್ಸರ್) ಇದು ನಿತ್ಯದ ಕಾಟ, ಅದಕ್ಕೆಂದೇ ಅವುಗಳನ್ನು ತಿಂಗಳಿಗೊಮ್ಮೆ ಬೆಚ್ಚಗಾಗಿಸಿ ಒಂದಷ್ಟು ಹಾಟ್ ಪಿಕ್ಸೆಲ್‌ಗಳನ್ನು ಮಾಯಿಸುತ್ತಾರೆ. ಅವು ಸೊನ್ನೆಗಿಂತ ಬಹಳ ಕೆಳಗಿನ ಉಷ್ಣತೆಯಲ್ಲಿ ದುಡಿಯುವವು. ಇದನ್ನು ಓದಿ ಕ್ಯಾಮೆರಾವನ್ನು ಹೇರ್ ಡ್ರೈಯರ್‌ಗೋ ಬಿಸಿಲಿಗೋ ಒಡ್ಡುವವರಿದ್ದಾರೆ, ದಯವಿಟ್ಟು ಬೇಡ. ಅಂಟು ಸಡಿಲಗೊಂಡು ಸೆನ್ಸರ್ ಮುಂದಿನ ಗಾಜು, ಲೆನ್ಸ್‌ನ ಗ್ರೀಸ್ ಕೆಡುತ್ತವೆ, ಪಿಕ್ಸೆಲ್ ಹಾಗೇ ಇರುತ್ತದೆ.

ನಿಮ್ಮ 1 ಸೆಕೆಂಡ್‌ನ ಆ ಉಳಿದ ಒಂದು ಚುಕ್ಕಿಗೆ, ಕ್ಯಾಮೆರಾ ತಣ್ಣಗಾದ ಮೇಲೆ ಇನ್ನೊಂದು ಸಲ ಮ್ಯಾಪಿಂಗ್ ಓಡಿಸಿ ನೋಡಿ. ಮಿತಿಯ ಅಂಚಿನಲ್ಲಿರುವವು ಒಂದು ಸಲ ತಪ್ಪಿಸಿಕೊಂಡು ಎರಡನೆಯ ಸಲ ಸಿಕ್ಕಿಬೀಳುವುದುಂಟು.